ಪಂಚಮಿಗೆ ಹೊರಟ ಅಂಬಾಸಿಡರ್

ಹಳೇ ಕಾರು ಮನೆಗೆ ತಂದವನಿಗೆ ಟಿವಿ ಬೇಕಾಗುವುದಿಲ್ಲ. ನೋಡುವಂಥದ್ದೆಲ್ಲ ತಾನಾಗಿಯೇ ಅಂಗಳಕ್ಕೆ ಬರುತ್ತದೆ.

ಬಸವಕಲ್ಯಾಣದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಲಗ್ನವಾದಾಗ ಹುಮನಾಬಾದಿನಿಂದ ಹೆಂಡತಿಯನ್ನು ಕರೆತಂದದ್ದು ಯಾರದೋ ಅಂಬಾಸಿಡರಿನಲ್ಲಿ. ಆವತ್ತು ಆ ಹಿಂದಿನ ಸೀಟಿನಲ್ಲಿ ಕೂತಾಗಲೇ, ಇಂಥದ್ದೊಂದು ನಮ್ಮದೇ ಇರಬೇಕು ಅಂತ ಆಸೆ ಹುಟ್ಟಿತ್ತು. ಮೊನ್ನೆ ಮೊನ್ನೆ ಮೋರಖಂಡಿಯಲ್ಲಿ ಒಂದು ಸಿಕ್ಕಿತು. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಾನೇ ರಿಪೇರಿ ಮಾಡುತ್ತೇನೆ ಅಂದೆ.

ಹೆಂಡತಿಯ ತಮ್ಮ ಹುಮನಾಬಾದಿನಿಂದ ಬಂದು ನೋಡಿ ನಕ್ಕ. "ಮಾಮಾ, ನಾಗರ ಪಂಚಮಿಗೆ ಇದು ನಮ್ಮ ಮನಿ ಬಾಗಲಕ್ಕ ತಾನs ಓಡಿ ಬರಬೇಕು. ಬರಲಿಲ್ಲಂದ್ರ ಗುಜರಿಗೆ. ಆಯ್ತಿಲ್ರೀ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಆಯ್ತು" ಅಂದಳು.

ಬಾಣಂತಿ

ಮೋರಖಂಡಿಯಲ್ಲಿ ಆ ಕಾರು ದನದ ಕೊಟ್ಟಿಗೆಯಲ್ಲಿ ನಿಂತಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತರುವಾಗ ಮಾಲಕಿ ಮುದುಕಿ ಕಿಟಕಿಯೊಳಗೆ ಕೈ ತೋರಿಸಿ, "ಹಿಂದಿನ ಸೀಟಿನ್ಯಾಗ ಕೋಳಿ ಕಾವಿಗೆ ಕುಂತದ. ಅದಕ್ಕ ಎಬ್ಬಸಬ್ಯಾಡ್ರಿ ಯಪ್ಪಾ, ಪಾಪ ಹತ್ತತದ. ಮರಿ ಆದಮ್ಯಾಲ ಬಂದು ಒಯ್ತೀನಿ" ಅಂದಳು. ಇಲ್ಲ ಅನ್ನಲಾಗಲಿಲ್ಲ.

ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಹೊಸದಾಗಿ ಬಂದ ಗಾಡಿ ಅಂತ ಹೆಂಡತಿ ಆರತಿ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದಳು. ತಟ್ಟೆ ಎತ್ತುವುದಕ್ಕೂ ಕೋಳಿ ಕಿಟಕಿಯಲ್ಲಿ ಕತ್ತು ಹಾಕುವುದಕ್ಕೂ ಸರಿಹೋಯಿತು.

"ಸೆಕೆಂಡ್ ಹ್ಯಾಂಡ್ ಗಾಡಿ ಅಂದಿದ್ರಿ. ಸಂಸಾರ ಸಮೇತ ಬರ್ತದಂತ ಹೇಳಿದ್ದಿಲ್ಲ" ಅಂತ ತಟ್ಟೆ ಹಿಡಿದುಕೊಂಡೇ ಒಳಗೆ ಹೋದಳು.

ಎರಡು ದಿನ ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ಮೂರನೇ ದಿನ ನಾನು ಬಾಗಿಲಿನ ತುಕ್ಕು ಬಡಿಯಲು ಸುತ್ತಿಗೆ ಎತ್ತಿದರೆ, ಬೊಗಸೆಯಲ್ಲಿ ಜೋಳ ಹಿಡಿದುಕೊಂಡು ಓಡಿ ಬಂದಳು. "ಏನ್ ಮಾಡಾಕತ್ತೀರಿ? ಒಳಗ ಬಾಣಂತನ ನಡದದ, ಸಪ್ಪಳ ಮಾಡಬ್ಯಾಡ್ರಿ!"

ಮರಿಗಳು ಹೊರಬಂದು, ಮುದುಕಿ ಅವನ್ನು ಬುಟ್ಟಿಯಲ್ಲಿ ಒಯ್ಯುವ ತನಕ ನನ್ನ ಸುತ್ತಿಗೆ ಮೂಲೆಯಲ್ಲೇ ಇತ್ತು.

ಹೆಡ್‌ಮಾಸ್ತರರ ಸೀಟು

ಕೋಳಿ ಖಾಲಿ ಮಾಡಿದ ಜಾಗಕ್ಕೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದರು. ಮನೆಯಲ್ಲಿ ಮೊಮ್ಮಕ್ಕಳ ಗದ್ದಲ ಅಂತ ದಿನಾ ಬೆಳಿಗ್ಗೆ ಪೇಪರು ಹಿಡಿದು ಬಂದು ಹಿಂದಿನ ಸೀಟಿನಲ್ಲಿ, ಕಲೆಕ್ಟರ್ ಸಾಹೇಬರ ಹಾಗೆ ಎಡಕ್ಕೆ ಕೂತು ಓದುತ್ತಿದ್ದರು. ನಾನು ಕಾರಿನ ಕೆಳಗೆ ಮಲಗಿದ್ದರೆ ಮೇಲಿನಿಂದ ಊರ ಸುದ್ದಿ ಕೇಳಿಬರುತ್ತಿತ್ತು. ಒಳ್ಳೆಯ ಸಹವಾಸವೇ.

ಒಂದು ದಿನ, ಇನ್ನು ಇದಕ್ಕೆ ಜೀವ ಬರುವುದಿಲ್ಲ ಅಂದುಕೊಂಡು ಸುಮ್ಮನೆ ಕೀಲಿ ತಿರುವಿದೆ. ಎಂಜಿನ್ ಗುಡುಗಿತು! ಶೆಡ್ಡಿನ ತುಂಬ ಕರೀ ಹೊಗೆ. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ತಿಳಿಯಾದಾಗ ಮಾಸ್ತರರು ಹೊರಗೆ ನಿಂತಿದ್ದರು. ಬಿಳೀ ಧೋತರ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನಪಾ, ಚಾಲೂ ಮಾಡೂ ಮುಂಚೆ ಒಂದ್ ಮಾತು ಹೇಳಬಾರದೇನು?"

"ಸರ್, ಚಾಲೂ ಆಗ್ತದಂತ ನನಗs ಗೊತ್ತಿದ್ದಿಲ್ರಿ."

ಮರುದಿನ ಬರಲಿಲ್ಲ. ಬೇಜಾರಾಗಿದ್ದಾರೆ ಅಂದುಕೊಂಡೆ. ಆಚೆ ದಿನ ತಲೆದಿಂಬು ಸಮೇತ ಬಂದು ತಮ್ಮ ಜಾಗದಲ್ಲಿ ಕೂತರು. "ನೋಡಪಾ, ಹನ್ನೊಂದರ ತನಕ ಚಾಲೂ ಮಾಡಬ್ಯಾಡ. ಪೇಪರು ಮುಗದಿರಂಗಿಲ್ಲ."

ಮ್ಯಾಚಿಂಗ್

ಬಣ್ಣದ ಮಾತು ಬಂದಾಗ ನನಗೆ ಕಪ್ಪು ಬೇಕಿತ್ತು. ಹೆಂಡತಿ ಪಂಚಮಿಗೆ ಅಂತ ತೆಗೆದಿಟ್ಟ ಗಿಣಿಹಸಿರು ಸೀರೆಯನ್ನೇ ತಂದು ಪೇಂಟರ್ ಚಾಚಾನ ಕೈಗಿಟ್ಟಳು. "ಚಾಚಾ, ಇದs ಬಣ್ಣ ಆಗಬೇಕು. ಒಂದ್ ಎಳಿ ಹೆಚ್ಚುಕಮ್ಮಿ ಆದ್ರೂ ನಡ್ಯಂಗಿಲ್ಲ."

"ಬೇಫಿಕರ್ ಇರ್ರಿ ಭಾಭಿ" ಅಂದ ಚಾಚಾ ಡಬ್ಬಿಗಳನ್ನು ಕಲಸಿದ, ಸೀರೆಯ ಪಕ್ಕ ಹಿಡಿದು ನೋಡಿದ, ಮತ್ತೆ ಕಲಸಿದ. ಕೊನೆಗೆ ಬಣ್ಣ ಹೊಡೆದು, ಸೀರೆಯನ್ನು ಅಲ್ಲೇ ಹಗ್ಗದ ಮೇಲೆ ಹಾಕಿ ನಮಾಜಿಗೆ ಹೋದ. ಗಾಳಿ ಬೀಸಿತು. ಸೀರೆ ಹಾರಿ ಹೋಗಿ ಹಸೀ ಬಾನೆಟ್ಟಿನ ಮೇಲೆ ಅಂಗಾತ ಮಲಗಿತು.

ಹೆಂಡತಿಯ ಕೂಗಿಗೆ ಓಣಿಯೇ ಕೂಡಿತು. ವಾಪಸು ಬಂದ ಚಾಚಾ ಮಾತ್ರ ಗಾಬರಿಯಾಗಲಿಲ್ಲ. ಮೆಲ್ಲಗೆ ಸೀರೆ ಬಿಡಿಸಿ, ಒಣಗಿಸಿ, ಬಿಸಿಲಿಗೆ ಹಿಡಿದ. "ಭಾಭಿ, ಕಲೆ ಎಲ್ಲದ ತೋರಸ್ರಿ. ಸಿಕ್ಕರ ಹೊಸಾ ಸೀರಿ ನಾ ಕೊಡಸ್ತೀನಿ."

ಅವಳು ಹುಡುಕಿದಳು, ಓಣಿಯ ಹೆಂಗಸರೆಲ್ಲ ಹುಡುಕಿದರು. ಯಾರಿಗೂ ಸಿಗಲಿಲ್ಲ.

"ಇದಕ್ಕ ಮ್ಯಾಚಿಂಗ್ ಅಂತಾರ" ಅಂದ ಚಾಚಾ ಎರಡನೇ ಸಲ ಬಾನೆಟ್ಟಿಗೆ ಬಣ್ಣ ಹೊಡೆದ.

ತವರಿನ ದಾರಿ

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಪ್ರತಿವರ್ಷ ಅವಳ ತಮ್ಮನೇ ಬರುತ್ತಿದ್ದ. ಈ ಸಲ ಹೆಂಡತಿ ಗಿಣಿಹಸಿರು ಸೀರೆ ಉಟ್ಟು, ಉಂಡಿ ಡಬ್ಬಿ ಹಿಡಿದು, ಗಿಣಿಹಸಿರು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ದೂರದಿಂದ ನೋಡಿದರೆ ಕಾರು ಯಾವುದು, ಅವಳು ಯಾವುದು ಗೊತ್ತಾಗುತ್ತಿರಲಿಲ್ಲ.

ಗಾಡಿ ಹೆದ್ದಾರಿ ಹತ್ತಿತು, ರಾಜೇಶ್ವರ ದಾಟಿತು, ಹುಮನಾಬಾದ್ ಮುಟ್ಟಿತು. ನನ್ನ ಎದೆ ಉಬ್ಬಿತ್ತು. ಅವಳ ತವರಿನ ಓಣಿ ಇನ್ನೊಂದು ತಿರುವು ಅನ್ನುವಾಗ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಹಾಕಿದೆ. ಎಂಜಿನ್ ಬಂದ್ ಆಯಿತು. ಕೀಲಿ ತಿರುವಿದರೆ ಕಟ್ ಅಂತ ಸಪ್ಪಳ, ಅಷ್ಟೇ. ಬ್ಯಾಟರಿ ಸತ್ತಿತ್ತು. ಕಣ್ಣ ಮುಂದೆ ಗುಜರಿಯವನ ತಕ್ಕಡಿ ಬಂತು. ನನಗೆ ಅಳುವೇ ಬಂದಂತಾಯಿತು.

ಯಾಕೆ ತಡ ಅಂತ ನೋಡಲು ಅವಳ ತಮ್ಮ ತನ್ನ ಹೊಸ ಕಾರಿನಲ್ಲಿ ಅಲ್ಲಿಗೇ ಬಂದ. ಇಳಿದು, ಹೊಟ್ಟೆ ಹಿಡಿದು ನಕ್ಕ. "ಅಕ್ಕಾ, ಇಳಿ. ನನ್ನ ಗಾಡ್ಯಾಗ ಬಾ."

ಗುಜರಿಗೆ ಹಾಕಲು ಒಪ್ಪಿದ್ದೇ ಅವಳು. ಈಗ ಇಳಿಯುತ್ತಾಳೆ ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಇನ್ನಷ್ಟು ಹಿಂದಕ್ಕೆ ಒರಗಿದಳು.

"ತಮ್ಮಾ, ಪಂಚಮಿಗೆ ಅಕ್ಕನ್ನ ಕರ್ಕೊಂಡು ಹೋಗೂದು ಯಾರ ಕೆಲಸ?"

"ನಂದs."

"ಮತ್ತ ನಿಂತು ನೋಡ್ತಿ ಯಾಕ? ದೂಡು."

ಹಬ್ಬದ ದಿನ ಅಕ್ಕನ ಮಾತು ಮೀರುವುದು ಹೇಗೆ? ಹೊಸ ಅಂಗಿಯ ತೋಳು ಮಡಚಿ ದೂಡಿದ. ತಿರುವು ದಾಟಿದ ಮೇಲೆ ಓಣಿ ಇಳಿಜಾರು. ಗಾಡಿ ಓಡತೊಡಗಿತು. ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಗುಡುಗಿತು! ಜೋಕಾಲಿ ಆಡುತ್ತಿದ್ದವರೆಲ್ಲ ಇಳಿದು ನಿಂತರು. ಮುಂದೆ ನಮ್ಮ ಅಂಬಾಸಿಡರ್, ಹಿಂದೆ ಕರೀ ಹೊಗೆ, ಹೊಗೆಯ ಹಿಂದೆ ಏದುಸಿರು ಬಿಡುತ್ತ ಅವಳ ತಮ್ಮ.

ಬಾಗಿಲಲ್ಲಿ ನಿಂತು ಅವನು, "ಇದು ನಡ್ಯಂಗಿಲ್ಲ, ದೂಡಿದಾಂವ ನಾನು!" ಅಂದ.

"ಬಾಗಲಕ್ಕ ಬಂದಾಗ ನಿನ್ನ ಕೈ ಎಲ್ಲಿತ್ತು? ನೀ ಹಿಂದ ಓಡಿ ಬರಾಕತ್ತಿದ್ದಿ. ಗಾಡಿ ತಾನs ಬಂತು" ಅಂದಳು ಹೆಂಡತಿ. ಓಣಿಯೆಲ್ಲ ಹೌದು ಅಂತು. ಗಾಡಿ ಉಳಿಯಿತು.

ಅತ್ತೆ ಮಗನಿಗೆ ನೀರು ಕೊಟ್ಟು, "ನಿನ್ನ ಕಾರು ಎಲ್ಲೋ?" ಅಂದರು. ಅದು ಎಮ್ಮೆಯ ಹತ್ತಿರವೇ ನಿಂತಿತ್ತು. ನನಗೂ ಪಾಪ ಅನಿಸಿತು. "ಬಾ, ನಮ್ಮ ಗಾಡ್ಯಾಗ ಅಲ್ಲೀತನ ಬಿಟ್ಟು ಬರ್ತೀನಿ" ಅಂದೆ.

ಅವನು ಎರಡೂ ಕೈ ಮುಗಿದ. "ಬ್ಯಾಡ್ರಿ ಮಾಮಾ, ನಡಕೊಂಡ ಹೋಗ್ತೀನಿ. ನಿಮ್ಮ ಕಾರಿನ ಜೋಡಿ ನಡಿಯೂದಕ್ಕಿಂತ ಒಬ್ಬನs ನಡಿಯೂದು ಹಗುರ."