ಅಳಿಯನಿಗೆ ರಜೆ, ಅತ್ತೆಗೆ ಹೋಳಿಗೆ

ನಿನ್ನೆ ಆದ ಕೆಲಸ ಇಷ್ಟು: ಮೊಮ್ಮಗಳಿಗೆ ಎಣ್ಣೆ ಹಚ್ಚಿ ಎರೆದದ್ದು, ಬಾಣಂತಿ ಮಗಳ ತಲೆಗೆ ನೀರು ಹಾಕಿ ಲೋಬಾನದ ಹೊಗೆ ಕೊಟ್ಟದ್ದು, ಕೂಸಿನ ಒಂದು ಬುಟ್ಟಿ ಬಟ್ಟೆ ಒಗೆದದ್ದು, ಮೆಣಸಿನ ಸಾರು ಕುದಿಸಿದ್ದು, ಅಳಿಯನಿಗೆಂದು ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿದ್ದು. ಈ ಕೊನೆಯ ಕೆಲಸವನ್ನು ಯಾವ ಸರ್ಕಾರವೂ ಲೆಕ್ಕಕ್ಕೆ ಹಿಡಿದಂತಿಲ್ಲ.

ನಾವು ಕಲಬುರಗಿ ಕಡೆಯವರು. ತೆಲಂಗಾಣದ ಕಾಚಿಗೂಡಕ್ಕೆ ಬಂದು ಬಹಳ ವರ್ಷವಾಯಿತು. ಬೀದಿಗಿಳಿದರೆ ತೆಲುಗು, ಅಂಗಡಿಯಲ್ಲಿ ಹಿಂದಿ. ಆದರೆ ಅಳಿಯ ಹೊಸ್ತಿಲು ದಾಟಿದರೆ ನಾನು ಮತ್ತೆ ಅಪ್ಪಟ ಕಲಬುರಗಿಯ ಅತ್ತೆ. ಅಳಿಯ ನೀರಿನ ಲೋಟ ಎತ್ತಿಟ್ಟರೂ ಮರ್ಯಾದೆ ಹೋಯಿತೆಂದು ಒದ್ದಾಡುತ್ತೇನೆ. ದೊಡ್ಡ ಅಳಿಯ ಬೀದರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು. ಅವರಿಗೆ ಮಗ ಹುಟ್ಟಿದಾಗ ಕರ್ನಾಟಕ ಸರ್ಕಾರ ಹದಿನೈದು ದಿನ ರಜೆ ಕೊಟ್ಟಿತ್ತು. ಹೆಂಡತಿಗೆ ನೆರವಾಗಲಿ ಎಂದು ಕೊಟ್ಟ ಆ ರಜೆಯನ್ನು ಅವರು ನಮ್ಮ ಮಂಚದ ಮೇಲೆ ಕಳೆದರು. ಒಂದು ದಿನ ಕಡುಬು, ಒಂದು ದಿನ ಹೋಳಿಗೆ. “ಅವ್ವಾ, ಕೂಸು ಅಳಾಕತ್ತೈತಿ” ಎಂದು ದೊಡ್ಡ ಮಗಳು ಕೂಗಿದರೆ, “ತಡಿಯವ್ವಾ, ಅಳಿಯಂದ್ರಿಗೆ ಬಡಸಾಕತ್ತೀನಿ” ಎನ್ನುತ್ತಿದ್ದೆ. ರಜೆ ಮುಗಿಯುವ ಹೊತ್ತಿಗೆ ಕೂಸಿಗಿಂತ ಚೆನ್ನಾಗಿ ಮೈ ತುಂಬಿಕೊಂಡವರು ಮೇಷ್ಟ್ರೇ.

ಸಣ್ಣ ಅಳಿಯ ಮಲ್ಲಿಕಾರ್ಜುನ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿದ್ದಾರೆ. ಅಲ್ಲಿ ಸಿಕ್ಕದ್ದು ಮೂರೇ ದಿನ. ಬಾಣಂತಿ ಮಗಳು ಮಲಗಿದಲ್ಲೇ ಮೊಬೈಲ್ ನೋಡಿ ವರದಿ ಒಪ್ಪಿಸಿದಳು: “ಕರ್ನಾಟಕದಾಗ ಹದಿನೈದು ದಿನ, ತೆಲಂಗಾಣದಾಗೂ ಹದಿನೈದ. ಆದ್ರ ಸರ್ಕಾರಿ ನೌಕರರಿಗೆ ಅಷ್ಟ. ಕಾರ್ಖಾನಿ ಮಂದಿಗೆ ಮಾಲಕರ ಮನಸ್ಸ ಕಾನೂನು. ಸಿಕ್ಕಿಮಿನಾಗ ನೋಡವ್ವಾ, ಸರ್ಕಾರಿ ಮಂದಿಗೆ ಒಂದು ತಿಂಗಳಂತ.”

ಒಂದು ತಿಂಗಳು ಎಂದೊಡನೆ ನನ್ನ ಸೊಂಟ ಹಿಡಿಯಿತು. ಮೂವತ್ತು ದಿನದ ಹೂರಣ ಕಣ್ಣ ಮುಂದೆ ಬಂತು. ಸುಳ್ಳೇಕೆ, ಆ ಕಾರ್ಖಾನೆಯ ಮಾಲಕರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ನಿನ್ನೆ ರಜೆಯ ಮೂರನೆಯ ದಿನ. ಹೋಳಿಗೆ ಲಟ್ಟಿಸಲು ಕೂತಿದ್ದೆ, ಕೂಸು ಅಳುತ್ತಿತ್ತು. ಅಳಿಯ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು.

“ಅತ್ತ್ಯಾರ, ನಾ ಎತ್ಕೊಳ್ಳೇನ್ರಿ?”

“ಹಸಗೂಸು ಗಂಡಸರ ಕೈಗೆ ನಿಲ್ಲಂಗಿಲ್ರಿ. ನೀವು ಕೂಡ್ರಿ.”

“ಕೂತು ಕೂತ ರಜಾ ಮುಗೀತ್ರಿ. ನಾಳಿಂದ ಡ್ಯೂಟಿ. ಇನ್ನ ಬರೂದು ಐತವಾರ. ಆವತ್ತೂ ನೀವು ಹೋಳಿಗಿನ ಕೊಡ್ತೀರಿ, ಕೂಸು ಕೊಡಂಗಿಲ್ಲ.”

ಒಳಗಿನಿಂದ ಮಗಳು ಸೇರಿಸಿದಳು: “ಅವ್ವಾ, ರಜಾ ಕೊಟ್ಟಿದ್ದು ಅಪ್ಪ ಆದವರಿಗೆ. ನೀ ಅಳಿಯಗ ಕೊಟ್ಟಾರಂತ ತಿಳ್ಕೊಂಡಿ.”

ಒಲೆ ಆರಿಸಿದೆ. ಅವರ ತೊಡೆಯ ಮೇಲೆ ದಿಂಬಿಟ್ಟು, ಕತ್ತಿನ ಕೆಳಗೆ ಕೈ ಹೇಗಿಡಬೇಕೆಂದು ತೋರಿಸಿ ಕೂಸನ್ನು ಕೊಟ್ಟೆ. ಅದು ಅಳು ನಿಲ್ಲಿಸಿ ಅವರ ಮುಖ ನೋಡಿತು. ಆಮೇಲೆ ನಾನೇ ಉಡುಗೊರೆ ಕೊಟ್ಟಿದ್ದ ಹೊಸ ಲುಂಗಿಯನ್ನು ತೋಯಿಸಿತು.

“ಹಾಜರಿ ಬಿತ್ರಿ ಅತ್ತ್ಯಾರ” ಎಂದರು ಅಳಿಯ, ಅಲುಗದೆ.

ಲುಂಗಿಯ ಜೊತೆ, ಬೆಳಗ್ಗೆ ನಾನು ಒಗೆದ ಮೇಲೆ ಕೂಸು ಮತ್ತೆ ತೋಯಿಸಿದ್ದ ಬಟ್ಟೆಗಳನ್ನೂ ಅವರೇ ಒಗೆದರು. ತಡೆಯಲೆಂದು ಎದ್ದವಳು, ಯಾಕೋ ಹಾಗೇ ಕೂತೆ.

ಸಂಜೆ ಬಾಣಂತಿಯ ಮೆಣಸಿನ ಸಾರನ್ನೇ ಎಲ್ಲರೂ ಅನ್ನಕ್ಕೆ ಕಲಸಿಕೊಂಡು ಉಂಡೆವು. ಹೋಳಿಗೆಯಾಗದೆ ಉಳಿದ ಹೂರಣವನ್ನು ತುಪ್ಪ ಹಾಕಿ ಬಟ್ಟಲಲ್ಲೇ ತಿಂದೆವು. ಅಳಿಯ ಕೂಸನ್ನು ತಟ್ಟುತ್ತ ಏನೋ ಗುನುಗುತ್ತಿದ್ದರು. ಗಂಡಸರ ತಟ್ಟುವಿಕೆಗೆ ಕೂಸು ಮಲಗುತ್ತದೆಯೇ ಎಂದು ನೋಡುತ್ತ ಗೋಡೆಗೆ ಒರಗಿದ್ದೆ. ಕೂಸು ಯಾವಾಗ ಮಲಗಿತೋ ಗೊತ್ತಿಲ್ಲ. ಮೊದಲು ನಿದ್ದೆ ಹೋದವಳು ನಾನು.