ಗ್ಯಾನಪ್ಪ ಮಾಸ್ತರರ ಗಾಜಿನ ಗೀರು

ಕೊಪ್ಪಳದ ಸಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಿದ್ದ ಗ್ಯಾನಪ್ಪ ಮಾಸ್ತರರಿಗೆ ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಶನಿ ಹಿಡಿದ. ಜಾತಕದಿಂದ ಹಿಡಿದದ್ದಲ್ಲ (ಅವರ ಜಾತಕವನ್ನು ಇಲಿ ತಿಂದು ಹದಿನೈದು ವರ್ಷವಾಗಿತ್ತು). ರೇಲ್ವೆ ಸ್ಟೇಷನ್ನಿನಲ್ಲಿ ಯಾರೋ ದೊರೆ ಬಿಟ್ಟುಹೋದ ಇಂಗ್ಲಿಷ್ ಪುಸ್ತಕವೊಂದು ಕೈಗೆ ಬಂತು. ಅದರಲ್ಲಿ ಬಳೆ ತೊಟ್ಟ ಶನಿಯ ಚಿತ್ರವಿತ್ತು. ಮಾಸ್ತರರು ಅಂದಿನಿಂದ ಸರಿಯಾಗಿ ಉಣ್ಣಲಿಲ್ಲ. ಆ ಬಳೆಯನ್ನು ಕಣ್ಣಾರೆ ನೋಡಲು ಬೇಕಾದ ದುರ್ಬೀನಿನ ಕನ್ನಡಿಯನ್ನು ಮನೆಯಲ್ಲೇ ತಿಕ್ಕಿ ಮಾಡಿಕೊಳ್ಳಬಹುದೆಂದು ಪುಸ್ತಕ ಹೇಳಿತ್ತು. ಹೆಂಡತಿ ಏನನ್ನಬಹುದೆಂದು ಮಾತ್ರ ಹೇಳಿರಲಿಲ್ಲ.

ಮುಂಬಯಿಯಿಂದ ರೇಲ್ವೆ ಪಾರ್ಸಲ್ಲಿನಲ್ಲಿ ಎರಡು ಗಾಜಿನ ಬಿಲ್ಲೆ ಬಂದವು, ರೊಟ್ಟಿಯಷ್ಟು ಅಗಲ, ಎರಡು ಬೆರಳು ದಪ್ಪ. ಒಂದನ್ನು ಕಲ್ಲು ತುಂಬಿದ ಪೀಪಾಯಿಯ ಮೇಲೆ ಕೂಡಿಸಿ, ಚಾಕು ಮಸೆಯುವ ಕುರುಂದದ ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ, ಅದರ ಮೇಲೆ ಇನ್ನೊಂದನ್ನಿಟ್ಟು ಹಿಂದೆ ಮುಂದೆ ತಿಕ್ಕಬೇಕು. ತಿಕ್ಕುತ್ತ ಪೀಪಾಯಿಯನ್ನು ಸುತ್ತಬೇಕು. ಮೇಲಿನ ಬಿಲ್ಲೆ ನಿಧಾನವಾಗಿ ಬಟ್ಟಲಿನಂತೆ ತಗ್ಗಾಗುತ್ತದೆ. ಸಾಲೆ ಬಿಟ್ಟ ಮೇಲೆ ಮಾಸ್ತರರು ಕೋಟು ಬಿಚ್ಚುವಷ್ಟೂ ತಡೆಯದೆ ಈ ಪರಿಕ್ರಮಕ್ಕೆ ನಿಲ್ಲುತ್ತಿದ್ದರು. ಎಂಟು ತಿಂಗಳಲ್ಲಿ ಅವರು ಸುತ್ತಿದ್ದನ್ನು ನೆಟ್ಟಗೆ ನಡೆದಿದ್ದರೆ ಕಾಶಿ ಮುಟ್ಟುತ್ತಿದ್ದರು.

ಹೆಂಡತಿ ಸುಂಕಲಮ್ಮ ಕಿನ್ನಾಳದವಳು, ಮರದ ಗೊಂಬೆಗೆ ಬಣ್ಣ ಹಚ್ಚುವವರ ಮಗಳು. ಅಂಗಳದ ಆ ಕರಕರ ಸದ್ದನ್ನು ಆಕೆ ಸಹಿಸಿದಳು. ಶುಕ್ರವಾರಕ್ಕೊಮ್ಮೆ ಗಂಡನ ಕೋಟು ಒಗೆದಳು. ಆದರೆ ಒರಟು ಪುಡಿ ಮುಗಿದು ನಯವಾದ ಪುಡಿಯ ಸರದಿ ಬಂದಾಗ ಗಾಜಿನ ಮೇಲೆ ಉದ್ದುದ್ದ ಗೀರುಗಳೆದ್ದವು. ಇದು ಕಸಬರಿಗೆಯ ಧೂಳಿನ ಪ್ರತಾಪವೆಂದು ಮಾಸ್ತರರು ತೀರ್ಪು ಕೊಟ್ಟು, ಕನ್ನಡಿ ಮುಗಿಯುವ ತನಕ ಮನೆ ಗುಡಿಸಕೂಡದೆಂದು ಹುಕುಂ ಹೊರಡಿಸಿದರು.

“ಕಸಾ ಹೊಡೀಲಾರದ ಮನ್ಯಾಗ ಶನಿ ಒಬ್ಬಾನ ಇರ್ತಾನ್ರಿ,” ಅಂದಳು ಸುಂಕಲಮ್ಮ.

“ಹಂಗಾರ ನೀನೂ ನಿನ್ನ ಕಸಬರಿಗೀನೂ ಒಂದೀಟು ದಿನ ಕಿನ್ನಾಳಕ್ಕ ಹೋಗಿ ಬರ್ರಿ,” ಅಂದರು ಮಾಸ್ತರರು.

ಮರುದಿನ ಬೆಳಿಗ್ಗೆ ಆಕೆ ಯಮನೂರಸಾಬನ ಬಂಡಿ ಹತ್ತಿದಳು. ಮಾತಿಗೆ ತಪ್ಪದೆ ಕಸಬರಿಗೆಯನ್ನೂ ಒಯ್ದಳು.

ಮನೆ ನಿಶ್ಶಬ್ದವಾಯಿತು. ಒಂದು ಕಣ ಧೂಳೂ ಏಳಲಿಲ್ಲ. ಆದರೂ ಗೀರು ಇಮ್ಮಡಿಸಿದವು. ತಾವೇ ಬಡಿದ ರೊಟ್ಟಿ ಒಂದು ಬದಿ ಕರಕಲು, ಇನ್ನೊಂದು ಬದಿ ಹಸಿ. ಪೀಪಾಯಿ ಸುತ್ತುವಾಗ ಮಾಸ್ತರರು ಅಡಿಗೆಮನೆಯ ಬಾಗಿಲ ಎದುರು ಬಂದೊಡನೆ ಕೈ ತಾನೇ ನಿಂತುಬಿಡುತ್ತಿತ್ತು. ಕಿವಿ ಬಳೆಯ ಸದ್ದು ಹುಡುಕುತ್ತಿತ್ತು. ಆಕಾಶದಲ್ಲಿ ಬಳೆ ತೊಟ್ಟವನಿಗಾಗಿ ಮನೆಯಲ್ಲಿ ಬಳೆ ತೊಟ್ಟವಳನ್ನು ಅಟ್ಟಿದೆನಲ್ಲ ಎಂದು ತಿಂಗಳು ತುಂಬುವಷ್ಟರಲ್ಲಿ ಅವರಿಗೆ ಅನ್ನಿಸಿಹೋಯಿತು.

ಒಂದು ಆದಿತ್ಯವಾರ ಕಿನ್ನಾಳಕ್ಕೆ ನಡೆದೇ ಹೊರಟರು. “ನಡಿ, ಮನಿಗೆ ಹೋಗೂಣು” ಎಂಬ ಒಂದೇ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು. ಮಾವ ಓಬಳೆಪ್ಪ ಕಟ್ಟೆಯ ಮೇಲೆ ಕೂತು ಮರದ ಗಿಳಿಗೆ ಬಿಳಿ ಕಲ್ಲಿನ ಪುಡಿಯ ಲೇಪ ಕೊಡುತ್ತಿದ್ದ. ಏನು ಬಂದಿರೆಂದು ಕೇಳಿದ. ಬಾಗಿಲ ಮರೆಯಲ್ಲಿ ಸೀರೆಯ ಅಂಚು ಕಂಡಿತು. ಮಾಸ್ತರರ ಬಾಯಿಗೆ ಬೇರೆಯೇ ಮಾತು ಬಂತು.

“ಪುಡಿ ನಯಾ ಮಾಡೂದು ಹೆಂಗಂತ ಕೇಳಬೇಕಾಗಿತ್ರಿ.”

ಹತ್ತು ವರ್ಷದಲ್ಲಿ ಅಳಿಯ ಮಾವನ ಕಸುಬಿನ ಬಗ್ಗೆ ಒಂದು ಮಾತು ಕೇಳಿದವನಲ್ಲ. ಓಬಳೆಪ್ಪನಿಗೆ ಹಿಗ್ಗೋ ಹಿಗ್ಗು. ಪುಡಿಯನ್ನು ನೀರಲ್ಲಿ ಕದಡಿ, ತರಿ ತಳಕ್ಕಿಳಿದ ಮೇಲೆ ಮೇಲಿನ ನೀರನ್ನಷ್ಟೇ ಬಸಿದು, ಆ ನೀರು ತಿಳಿಯಾದಾಗ ಅಡಿಯಲ್ಲಿ ಕೂರುವುದೇ ನಯವಾದ ಪುಡಿ ಎಂದು ಮಧ್ಯಾಹ್ನದ ತನಕ ಮಾಡಿ ತೋರಿಸಿದ. ಆಮೇಲೆ ಅಳಿಯನ ಕೋಟಿನ ತೋಳನ್ನು ಹಿಡಿದು ಅಗಲ ತಾಟಿನಂಥ ಪರಾತದ ನೀರಿಗೆ ಅದ್ದಿದ. ತಳದಲ್ಲಿ ಕರೀ ಕುರುಂದದ ಒರಟು ತರಿ ಕೂತಿತು; ತೋಳಿನಿಂದ ಉದುರಿ ಗಾಜನ್ನು ಗೀರುತ್ತಿದ್ದುದು ಅದೇ. ಕೋಟು ಯಾರು ಒಗೆಯುತ್ತಾರೆಂದು ಕೇಳಿದ. ತಿಂಗಳಿಂದ ಯಾರೂ ಇಲ್ಲವೆಂದರು ಮಾಸ್ತರರು. ಶುಕ್ರವಾರ ಕೋಟು ಒಗೆದ ಮೇಲೆ ಎರಡು ದಿನ ಗಾಜಿನ ಮೇಲೆ ಗೀರು ಬೀಳುತ್ತಿರಲಿಲ್ಲವೆಂಬುದು ಈ ಲೆಕ್ಕದ ಮಾಸ್ತರರಿಗೆ ಆಗ ಹೊಳೆಯಿತು. ಬಾಗಿಲ ಕಡೆ ನೋಡಿದರು. ಸೀರೆಯ ಅಂಚು ಒಳಗೆ ಸರಿದಿತ್ತು.

ವಿದ್ಯೆ ಬೇಡಿ ಬಂದವನಿಗೆ ವಿದ್ಯೆ ಕೊಟ್ಟು, ಊಟ ಹಾಕಿ, ಎರಡು ಪರಾತ ಹೊರಿಸಿ ಕಳಿಸಿದರು. ಹೆಂಡತಿಯನ್ನು ಮಾಸ್ತರರು ಕೇಳಿರಲಿಲ್ಲ, ಮಾವನ ಮನೆಯವರು ಕೊಡಲಿಲ್ಲ.

ಮಾಸ್ತರರು ಕೋಟು ತಾವೇ ಒಗೆದರು, ಪುಡಿ ತೊಳೆದರು, ಮತ್ತೆ ಮೂರು ವಾರ ಸುತ್ತಿದರು. ಒಂದು ಸಂಜೆ ಗಾಜನ್ನು ತೊಳೆದು ಬೆಳಕಿಗೆ ಹಿಡಿದರೆ ಒಂದು ಗೀರೂ ಇಲ್ಲ. ಹದವಾಗಿ ಕೆನೆಗಟ್ಟಿದ ಹಾಲಿನಂತಿತ್ತು.

“ಸುಂಕಲಾ, ಇಲ್ಲಿ ಬಾ, ನೋಡು,” ಎಂದು ಕೂಗಿದರು.

ಅಡಿಗೆಮನೆಯಿಂದ ಬೆಕ್ಕೊಂದು ಹೊರಬಂದು ನೋಡಿ ಹೋಯಿತು. ಮಾಸ್ತರರು ಗಾಜನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಾಗುವ ತನಕ ಅಂಗಳದಲ್ಲೇ ಕೂತರು. ಅಂದು ನೆತ್ತಿಯ ಮೇಲೆ ಯಾವ ಗ್ರಹ ಹಾದುಹೋಯಿತೋ ಅವರಿಗೆ ಗೊತ್ತಿಲ್ಲ.

ಮರುದಿನ ಮತ್ತೆ ಕಿನ್ನಾಳದ ಕಟ್ಟೆ. ಪುಡಿ ತಳ ಹಿಡಿಯಲಿಲ್ಲವೇನು ಎಂದು ಓಬಳೆಪ್ಪ ಕಾಳಜಿಯಿಂದ ಕೇಳಿದ.

“ಹಿಡೀತ್ರಿ.”

“ಮತ್ತ?”

“ಮನ್ಯಾಗ ಯಾರೂ ಇಲ್ರಿ,” ಅಂದರು ಮಾಸ್ತರರು. ಇಷ್ಟು ಹೇಳಲು ಅವರಿಗೆ ಎರಡು ಸಲ ಉಸಿರು ಬೇಕಾಯಿತು.

ಸುಂಕಲಮ್ಮ ಹೊಸ್ತಿಲಿಗೆ ಬಂದಳು. “ಹೋದ ಸಲ ನೀವು ಬಂದಾಗ ನಾ ಗಂಟು ಕಟ್ಟಿ, ತಲೀ ಬಾಚ್ಕೊಂಡು ತಯಾರ ಕುಂತಿದ್ದೆ. ನೀವು ಪುಡಿ ಕೇಳಿದ್ರಿ.”

ಈಗ ಹಾಗೆ ಎದ್ದು ಬರಲಾಗದೆಂದು ಆಕೆ ಹೇಳಿದಳು. ಅಪ್ಪ ನೂರು ಗೊಂಬೆಗೆ ಮಾತು ಕೊಟ್ಟಿದ್ದಾನೆ. ಅಂಟಿಗೆ ಎರಡು ಚೀಲ ಹುಣಸೆಬೀಜ ಅರೆಯಬೇಕು. ಅದು ಮುಗಿದ ದಿನ ಹೊರಡುವುದು. ಒಬ್ಬಳೇ ಅರೆದರೆ ಒಂದು ತಿಂಗಳು. ಇಬ್ಬರಾದರೆ ಎಷ್ಟು ದಿನ ಎಂಬ ಲೆಕ್ಕವನ್ನು ಮಾಸ್ತರರಿಗೇ ಬಿಟ್ಟಳು.

ಹೆಂಡತಿಗೆ ಮೈಯಲ್ಲಿ ಹುಷಾರಿಲ್ಲವೆಂದು ರಜೆಯ ಅರ್ಜಿ ಬರೆದು ಯಮನೂರಸಾಬನ ಕೈಯಲ್ಲಿ ಕೊಪ್ಪಳಕ್ಕೆ ಕಳಿಸಿ, ಗ್ಯಾನಪ್ಪ ಮಾಸ್ತರರು ಒರಳಿನ ಮುಂದೆ ಕೂತರು. ಎದುರಿಗೆ ಕೂತು ಬೀಜ ಹಾಕುತ್ತಿದ್ದ ಸುಂಕಲಮ್ಮ ನಡುನಡುವೆ ಅರೆದದ್ದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ನಯ ಸಾಲದು, ಇನ್ನಷ್ಟು ಅರೆಯಿರಿ ಎನ್ನುತ್ತಿದ್ದಳು. ಮಾಸ್ತರರು ಅರೆದರು. ಹೊತ್ತು ಮುಳುಗಿ ಕಟ್ಟೆಯ ಮೇಲಿದ್ದವರು ಪಡುವಣದ ಚಿಕ್ಕೆ ತೋರಿಸಿ ಇದರ ಹೆಸರೇನು ಮಾಸ್ತರ ಎಂದು ಕೇಳಿದಾಗಲೂ ಅವರು ತಲೆ ಎತ್ತಲಿಲ್ಲ.