ಭಾವನವರು ಕುಳಿತ ದಿನ

ನಮ್ಮ ಭಾವನವರು ಕುಳಿತದ್ದನ್ನು ನಾನು ನನ್ನ ಜನ್ಮದಲ್ಲಿ ಒಂದೇ ಒಂದು ಸಲ ನೋಡಿದ್ದೇನೆ. ನಗಬೇಡಿ! ಅವರು ನನ್ನ ಅಕ್ಕನ ಗಂಡ. ಇಪ್ಪತ್ತು ವರ್ಷ ಹತ್ತಿರದಿಂದ ಕಂಡವನು ಹೇಳುತ್ತಿದ್ದೇನೆ. ಊಟಕ್ಕಾದರೂ ಕೂರುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಇಲ್ಲ. ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿಸಿಕೊಂಡು, ಸುರುಳಿ ಸುತ್ತಿ, ಅಂಗಳದಲ್ಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅವರ ಊಟ ಮುಗಿಯುತ್ತಿತ್ತು. ಎರಡನೆಯ ರೊಟ್ಟಿ ಬಡಿಸಲು ಅಕ್ಕ ಹಿಂದೆ ಓಡಬೇಕು. ಮದುವೆಯ ಹಸೆಯ ಮೇಲೂ ತುದಿಗಾಲಿನಲ್ಲೇ ಇದ್ದರಂತೆ. ಲಿಂಗಪೂಜೆಗೆ ಮಾತ್ರ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದರು. ಆ ವಿಷಯದಲ್ಲಿ ನಾನು ಸಾಕ್ಷಿ ಹೇಳಲಾರೆ.

ಭಾವ ಡ್ರಿಲ್ ಮಾಸ್ತರರು. ನಿಜಾಮ ಸರಕಾರದ ಶಾಲೆಗಳಲ್ಲಿ ಕವಾಯತು ಮಾಡಿಸುವುದು ಅವರ ನೌಕರಿ, ಫುಟ್‌ಬಾಲ್ ಕಲಿಸುವುದು ಅವರ ಹುಚ್ಚು. ನಾನಾದರೋ ವಾಡಿ ಜಂಕ್ಷನ್ನಿನ ಮಾಲು ಆಫೀಸಿನ ಗುಮಾಸ್ತ, ದಿನವಿಡೀ ಕೂತೇ ತಿನ್ನುವವನು. "ಭಾವ, ಒಂದ್ ಗಳಿಗಿ ಕುಂದ್ರಿ" ಎಂದರೆ ನನ್ನನ್ನು ಕನಿಕರದಿಂದ ನೋಡಿ, "ಕುಂತ್ರ ಕಾಲು ಕಲ್ತದ್ದು ಮರೀತಾವ ತಮ್ಮಾ" ಎನ್ನುತ್ತಿದ್ದರು. ಚಿತ್ತಾಪುರದಲ್ಲಿ ರೈಲು ಹತ್ತಿದರೆ ವಾಡಿ ಬರುವವರೆಗೂ ಡಬ್ಬಿಯೊಳಗೇ ಆ ತುದಿಯಿಂದ ಈ ತುದಿಗೆ ಓಡಾಟ. ಟಿಕೆಟು ತೆಗೆಸಿಯೂ ನಡೆದುಕೊಂಡೇ ಬಂದ ಪ್ರಯಾಣಿಕರು ನಿಜಾಮರ ರೈಲ್ವೆಯಲ್ಲಿ ಇವರೊಬ್ಬರೇ ಇರಬೇಕು!

ವರ್ಷಕ್ಕೊಮ್ಮೆ ಸುತ್ತಲಿನ ಶಾಲೆಗಳ ಪಂದ್ಯ ವಾಡಿಯಲ್ಲಿ ನಡೆಯುತ್ತಿತ್ತು. ಗೆದ್ದ ಶಾಲೆಗೆ ಒಂದು ಬೆಳ್ಳಿ ಬಣ್ಣದ ಕಪ್ಪು, ಎರಡು ಕಿವಿಯದು. ಭಾವ ಚಿತ್ತಾಪುರದ ಹುಡುಗರನ್ನು ಮೊದಲ ಸಲ ಕರೆತಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವರ ಶಾಲೆಯಲ್ಲಿದ್ದ ನಿಜವಾದ ಚೆಂಡನ್ನು ಹೆಡ್ ಮಾಸ್ತರರು ಸವೆದೀತೆಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಹುಡುಗರು ಕಲಿತದ್ದೆಲ್ಲ ಹತ್ತಿ ತುಂಬಿದ ಬಟ್ಟೆಯ ಚೆಂಡಿನಲ್ಲಿ, ಒದ್ದರೆ ಒದ್ದಲ್ಲೇ ಬೀಳುವಂಥದ್ದು. ವಾಡಿಯಲ್ಲಿ ಗಾಳಿ ತುಂಬಿದ ಚೆಂಡು ನೆಲಕ್ಕೆ ಬಡಿದು ಎದೆಯೆತ್ತರ ಪುಟಿದದ್ದೇ ತಡ, ಗೋಲು ಕಾಯುತ್ತಿದ್ದವ ಪಕ್ಕಕ್ಕೆ ಹಾರಿ ದಾರಿ ಬಿಟ್ಟುಕೊಟ್ಟ! "ಯಾಕಲೇ ಬಿಟ್ಟಿ?" ಎಂದು ಭಾವ ಕೂಗಿದರೆ, "ಜೀವಂತ ಅದ ರೀ ಸರ್!" ಎಂದ. ಒಂಬತ್ತು ಗೋಲಿನಿಂದ ಸೋತರು.

ಆದರೆ ವರ್ಷದೊಳಗೆ ಅದೇ ಹುಡುಗರು ಹುಲಿಗಳಾದರು. ಇನ್ನೇನು ಪಂದ್ಯಕ್ಕೆ ಎರಡು ತಿಂಗಳಿದೆ ಎನ್ನುವಾಗ ಭಾವನ ಅಂಗಾಲು ತುರಿಸತೊಡಗಿತು. "ಇವ್ರಿಗಿ ಬಂತು. ಇನ್ನ ನಾ ಇದ್ದೇನ್ ಮಾಡ್ಲಿ?" ಎಂದು ಬದಲಿ ಕೇಳಲು ಮೊಹತಮಿಮರ, ಅಂದರೆ ಶಾಲೆಗಳ ಇನ್‌ಸ್ಪೆಕ್ಟರರ ಬಳಿ ಹೋದರು. ಸಾಹೇಬರು ಮರ್ಯಾದಸ್ಥರು. "ತಶ್ರೀಫ್ ರಖಿಯೇ" ಎಂದು ಕುರ್ಚಿ ತೋರಿಸಿದರು. ಭಾವ ಕುರ್ಚಿಯ ಸುತ್ತ ತಿರುಗುತ್ತಲೇ ಅಹವಾಲು ಹೇಳಿದರು. ಅವರನ್ನು ಹಿಂಬಾಲಿಸಿ ಕುತ್ತಿಗೆ ಹೊರಳಿಸಿ ಹೊರಳಿಸಿ ಸಾಹೇಬರಿಗೆ ತಲೆ ಸುತ್ತು ಬಂತು. ಯಾವ ಊರು ಎಂದೂ ಕೇಳದೆ ಸಹಿ ಮಾಡಿಕೊಟ್ಟರಂತೆ.

ಹೀಗೆ ಭಾವ ಶಹಾಬಾದಿಗೆ ಹೋದರು. ಆ ವರ್ಷ ಶಹಾಬಾದನ್ನು ಸೋಲಿಸಿ ಕಪ್ಪು ಒಯ್ದವರು ಯಾರು ಗೊತ್ತೇ? ಚಿತ್ತಾಪುರದವರು! ಶಹಾಬಾದಿನ ಮೈದಾನವೆಂದರೆ ಬರೀ ಹಾಸುಗಲ್ಲು. ಬಿದ್ದರೆ ಮೊಣಕಾಲು ಉಳಿಯುವುದಿಲ್ಲ. ಆದ್ದರಿಂದ ಅಲ್ಲಿಯ ಹುಡುಗರು ಬೀಳದೆ ಆಡುವುದನ್ನು ಕಲಿತರು. ಕಲಿತರೆನ್ನುವಷ್ಟರಲ್ಲಿ ಭಾವ ಸೇಡಂನಲ್ಲಿದ್ದರು, ಕಾಗಿಣಾ ನದಿಯ ಮರಳಿನಲ್ಲಿ ಹೊಸ ಹುಡುಗರನ್ನು ಓಡಿಸುತ್ತ. ಆ ವರ್ಷ ಸೇಡಂ ಸೋತಿತು, ಶಹಾಬಾದಿಗೆ. ಅಲ್ಲಿಂದ ಚಿಂಚೋಳಿಗೆ ಹೋದರು. ಚಿಂಚೋಳಿ ಸೋತಿತು, ಸೇಡಂಗೆ. ಪ್ರತಿ ವರ್ಷ ನಮ್ಮ ಭಾವನವರನ್ನು ಸೋಲಿಸುತ್ತಿದ್ದವರು ನಮ್ಮ ಭಾವನವರೇ!

ಅಕ್ಕನಿಗೆ ಮಾತ್ರ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಮನೆ ಹೂಡುವುದು, ಮನೆ ಕೀಳುವುದು, ಟ್ರಂಕು ತುಂಬುವುದು. "ಒಂದ್ ಊರಾಗ ಕುಂದರ್ತೀರೋ ಇಲ್ಲೋ?" ಎಂದು ಚಿಂಚೋಳಿಯಲ್ಲಿ ಪಟ್ಟು ಹಿಡಿದಳು.

"ಕಪ್ ಬರ್ಲಿ. ಬಂದ್ ದಿನಾನೇ ಕುಂದರ್ತೀನಿ."

"ಲಿಂಗದ ಮ್ಯಾಲ ಆಣಿ?"

"ಆಣಿ!"

ಅಕ್ಕ ಹಿಂದೆಮುಂದೆ ನೋಡದೆ ಟ್ರಂಕಿನ ಕೀಲಿಯನ್ನು ಬಾವಿಗೆ ಎಸೆದಳು. ಸೀರೆಗಳು ಒಳಗೇ ಉಳಿದವು, ಭಾವ ಚಿಂಚೋಳಿಯಲ್ಲೇ ಉಳಿದರು. ತಾವು ಪಳಗಿಸಿದ ತಂಡದ ಜೊತೆಗೇ ಪಂದ್ಯಕ್ಕೆ ಬಂದದ್ದು ಅದೇ ಮೊದಲು. ಬಂಡಿ ಕಟ್ಟಿಕೊಂಡು ತಾಂಡೂರಿಗೆ, ಅಲ್ಲಿಂದ ರೈಲಿನಲ್ಲಿ ವಾಡಿಗೆ. ಇತ್ತ ಅಕ್ಕ ಮನೆಯಲ್ಲಿ ಜಮಖಾನೆ ಹಾಸಿ, ಒರಗಲು ಗೋಡೆಗೆ ಲೋಡು ಇಟ್ಟು ಕಾದಿದ್ದಳು.

ಕೊನೆಯ ಪಂದ್ಯ ಸೇಡಂ ಮೇಲೆ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ನಾನು ಉಗುರು ಕಚ್ಚುತ್ತಿದ್ದೆ. ಭಾವ ಗೆರೆಯುದ್ದಕ್ಕೂ ಆಟಗಾರರಿಗಿಂತ ಹೆಚ್ಚು ಓಡುತ್ತಿದ್ದರು. ಆಗ ಸೇಡಂನ ಒಬ್ಬ ಸಣಕಲು ಹುಡುಗ ಚೆಂಡಿನೊಂದಿಗೆ ನಮ್ಮ ಗೋಲಿನ ಮುಂದೆ ಬಂದ. ಎಂದಿನಂತೆ ಬಲಗಾಲು ಎತ್ತಿದ, ಬಲಕ್ಕೆ ದಾರಿಯಿಲ್ಲ. ಮೈದಾನವೆಲ್ಲ ಅದುರುವಂತೆ ಒಂದು ಕೂಗು ಕೇಳಿತು: "ಎಡಗಾಲಲೇ ಹೊಡಿಯಲೇ, ಎಡಗಾಲಲೇ!"

ಕೂಗಿದವರು ನಮ್ಮ ಭಾವ! ಹುಡುಗ ಎಡಗಾಲಿನಿಂದ ಒದ್ದ. ಗೋಲು. ಚಿಂಚೋಳಿ ಸೋತಿತು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ಭಾವ, ತಲಿಗಿಲಿ ಕೆಟ್ಟದೇನು? ಅವ ಸೇಡಂ ಹುಡುಗ!"

"ಒಂದ್ ವರ್ಷ ಬಡಕೊಂಡೀನಿ ಅವನ ಮುಂದ. ಒಮ್ಮಿನೂ ಎಡಗಾಲಲೆ ಹೊಡದಿದ್ದಿಲ್ಲ. ಇವತ್ತ ಹೊಡದ, ನೋಡ್ದಿ? ಭಾಳ ಚಂದ ಹೊಡದ!" ಎನ್ನುತ್ತ ಭಾವ ಕುಣಿಯುತ್ತಿದ್ದರು. ಚಿಂಚೋಳಿಯ ಹುಡುಗರು ಅಳುವುದು ಕಿವಿಗೆ ಬಿದ್ದ ಮೇಲೆಯೇ ಅವರ ಕಾಲು ನಿಂತದ್ದು.

ನಾನೂ ಅವರೊಂದಿಗೆ ಚಿಂಚೋಳಿಗೆ ಹೋದೆ, ಅಕ್ಕನಿಗೆ ಒಬ್ಬರೇ ಮುಖ ತೋರಿಸುವುದು ಬೇಡವೆಂದು. ಭಾವ ಹೊಸ್ತಿಲಲ್ಲೇ ನಿಂತು "ಬರ್ಲಿಲ್ಲ" ಎಂದರು. ಅಕ್ಕ ಜಮಖಾನೆ ಮಡಚಿದಳು. "ಇರ್ಲಿ ಬಿಡ್ರಿ. ಮುಂದಿನ ವರ್ಷ ಬರ್ತದ" ಎಂದು ರೊಟ್ಟಿ ಸುತ್ತಿ ಕೈಗೆ ಕೊಟ್ಟಳು. ಭಾವ ಅಂಗಳಕ್ಕಿಳಿದರು.

ಮುಂದಿನ ವರ್ಷ ಪಂದ್ಯಕ್ಕೆ ಹದಿನೈದು ದಿನ ಇರುವಾಗ ಅವರಿಗೆ ಜ್ವರ ಬಂತು. ರಜೆ ಹಾಕಿ ನೋಡಲು ಹೋದೆ. ಹಾಸಿಗೆ ಹಿಡಿಯುವ ಜಾತಿಯೇ? ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ನಾಲ್ಕನೆಯ ದಿನ ಬೆಳಿಗ್ಗೆ, ಹುಡುಗರು ಕಾಯುತ್ತಾರೆಂದು ಅಂಗಳಕ್ಕೆ ಬಂದವರು ಬೇವಿನ ಮರಕ್ಕೆ ಕೈಯೂರಿ ನಿಂತರು. ನಿಂತಲ್ಲೇ ಹೋದರು.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಕೂರಿಸಿಯೇ ವಿಮಾನದಲ್ಲಿ, ಅಂದರೆ ಹೂವಿನ ಮಂಟಪದಂಥ ಚಟ್ಟದಲ್ಲಿ, ಹೊತ್ತೊಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಅಕ್ಕ ತಾನೇ ಹೋಗಿ ಆ ಜಮಖಾನೆ ತಂದು ಹಾಸಿದಳು, ಲೋಡು ಇಟ್ಟಳು. ಭಾವ ಕುಳಿತರು. ನಾನು ಕಂಡದ್ದು ಅಂದೇ.

ಮರುದಿನ ಸೇಡಂನಿಂದ ಒಬ್ಬ ಹುಡುಗ ಸೈಕಲ್ಲು ತುಳಿದುಕೊಂಡು ಬಂದ, ಮೈಯೆಲ್ಲ ಧೂಳು. ಅದೇ ಎಡಗಾಲಿನವನು. ಹಿಂದೆ ಟವೆಲ್ಲಿನಲ್ಲಿ ಕಟ್ಟಿದ್ದ ಗಂಟನ್ನು ಬಿಚ್ಚಿದ. ಎರಡು ಕಿವಿಯ ಕಪ್ಪು. ಶಾಲೆಯವರನ್ನು ಕೇಳಿ ತಂದನೋ ಕೇಳದೆ ತಂದನೋ, ಯಾರೂ ವಿಚಾರಿಸಲಿಲ್ಲ. ಭಾವನ ತೊಡೆಯ ಮೇಲಿಟ್ಟು ಕಾಲಿಗೆ ಹಣೆ ಹಚ್ಚಿ ಅತ್ತ. ನನಗೂ ತಡೆಯಲಾಗಲಿಲ್ಲ.

ಹೊರಗೆ ವಿಮಾನ ಸಿದ್ಧವಾಗಿತ್ತು. ಹಿರಿಯರು ಒಳಗೆ ಬಂದು, "ಹೊತ್ತಾತವ್ವಾ, ಇನ್ನ ಎಬ್ಬಸ್ತೀವಿ" ಎಂದರು.

ಅಲ್ಲಿಯವರೆಗೆ ಒಂದು ಹನಿ ಹಾಕದಿದ್ದ ಅಕ್ಕ ಭಾವನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಒಂದ್ ಗಳಿಗಿ ತಡೀರಿ ಎಪ್ಪಾ" ಎಂದಳು. "ಈಗರ ಕುಂತಾರ."